ಈಕ್ವಿಟಿ ಕ್ಯಾಲ್ಕುಲೇಟರ್ ತಪ್ಪು ಲೆಕ್ಕ ಕೊಡುತ್ತಿದೆಯಾ? ಎಲ್ಲಿಂದ ಹುಡುಕಬೇಕು

ಪೋಕರ್ ಈಕ್ವಿಟಿ ಲೆಕ್ಕ ಹಾಕುವ ತಂತ್ರಾಂಶ ಎಡವಟ್ಟು ಉತ್ತರ ಕೊಟ್ಟಿತು ಅನಿಸಿದಾಗ ಬಹಳಷ್ಟು ಸಲ ಅದರ ಲೆಕ್ಕ ಸರಿಯಾಗಿಯೇ ಇರುತ್ತದೆ. ನೀವು ಕೇಳಬೇಕು ಅಂದುಕೊಂಡ ಪ್ರಶ್ನೆ ಒಂದು, ಅದಕ್ಕೆ ಹೋಗಿ ಮುಟ್ಟಿದ ಪ್ರಶ್ನೆ ಇನ್ನೊಂದು. ಹಾಗಾಗಿ ಹುಡುಕಾಟ ಶುರುವಾಗಬೇಕಾದ್ದು ನೀವು ತುಂಬಿದ ಕಡೆಯಿಂದ. ತಂತ್ರಾಂಶ ತೆಗೆದು ಮತ್ತೆ ಹಾಕುವುದೆಲ್ಲ ಆಮೇಲೆ.

ಇಲ್ಲಿ ಹೇಳುವುದೆಲ್ಲ ಟೆಕ್ಸಸ್ ಹೋಲ್ಡೆಮ್ ಆಟಕ್ಕೆ. ಅಲ್ಲಿ ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಆ ಐದು ಬೋರ್ಡ್: ಮೊದಲ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್. ಈಕ್ವಿಲ್ಯಾಬ್, ಫ್ಲಾಪ್‌ಜಿಲ್ಲಾ, ಹಳೆಯ ಪೋಕರ್‌ಸ್ಟೋವ್, ಮೊಬೈಲ್ ಆ್ಯಪ್, ಯಾವುದಾದರೂ ಸರಿ. ಈಕ್ವಿಟಿ ಅಂದರೆ ಇನ್ನು ಯಾರೂ ಬೆಟ್ ಕಟ್ಟದೆ, ಯಾರೂ ಕೈ ಬಿಡದೆ ಕೊನೆಯ ಎಲೆವರೆಗೆ ಹೋದರೆ ಪಾಟ್‌ನಲ್ಲಿ, ಅಂದರೆ ಮೇಜಿನ ಮೇಲೆ ಸೇರಿದ ಹಣದಲ್ಲಿ, ನಿಮ್ಮ ಸರಾಸರಿ ಪಾಲು ಶೇಕಡಾ ಎಷ್ಟು ಅನ್ನುವ ಅಂಕಿ. ಎದುರಾಳಿಯ ಕೈಯಲ್ಲಿ ಇರಬಹುದಾದ ಎಲ್ಲ ಜೋಡಿ ಎಲೆಗಳ ಗುಂಪು ರೇಂಜ್. ಅದರೊಳಗಿನ ಒಂದೊಂದು ನಿರ್ದಿಷ್ಟ ಜೋಡಿ ಒಂದು ಕಾಂಬೊ.

ಮೊದಲು ಎರಡು ನಿಮಿಷದ ಪರೀಕ್ಷೆ

ಎಲ್ಲವನ್ನೂ ಅಳಿಸಿ. ಬೋರ್ಡ್ ಖಾಲಿ ಇರಲಿ. ಒಬ್ಬನಿಗೆ ಎಕ್ಕದ ಜೋಡಿ, ಇನ್ನೊಬ್ಬನಿಗೆ ರಾಜನ ಜೋಡಿ ಕೊಡಿ. ಎಕ್ಕಕ್ಕೆ 82ರ ಆಸುಪಾಸು ಬರಬೇಕು. ಆಮೇಲೆ ರಾಣಿಯ ಜೋಡಿಗೆ ಎದುರಾಗಿ ಬೇರೆ ಬೇರೆ ಬಣ್ಣದ (ಇಸ್ಪೀಟು, ಆಟೀನು ಥರದ ಗುರುತು ಬೇರೆ ಇರುವ) ಎಕೆ, ಅಂದರೆ ಎಕ್ಕ ಮತ್ತು ರಾಜ, ಹಾಕಿ. ರಾಣಿಗೆ 57 ಬರಬೇಕು. ಕೊನೆಗೆ ಎಕ್ಕದ ಜೋಡಿಗೆ ಎದುರಾಗಿ ಯಾವ ಕೈಯಾದರೂ ಸರಿ ಅನ್ನುವ ಆಯ್ಕೆ ಕೊಡಿ. 85 ಬರಬೇಕು.

ಮೂರೂ ಬಂದರೆ ಎಂಜಿನ್ ಸರಿ ಇದೆ. ಅದನ್ನು ಅನುಮಾನಿಸುವುದು ಬಿಡಿ, ಮುಂದಿನ ಲಕ್ಷಣಗಳಿಗೆ ಹೋಗಿ.

ಬರದಿದ್ದರೆ ಆಟದ ಬಗೆ ನೋಡಿ. ಯಾವಾಗಲೋ ಒಮಾಹ ಅಥವಾ ಶಾರ್ಟ್ ಡೆಕ್ ಅಂತ ಆಯ್ದಿದ್ದು ಹಾಗೇ ಉಳಿದಿರುತ್ತದೆ. ಶಾರ್ಟ್ ಡೆಕ್‌ನಲ್ಲಿ 36 ಎಲೆ ಮಾತ್ರ, ಫ್ಲಶ್ (ಒಂದೇ ಬಣ್ಣದ ಐದು ಎಲೆ) ಫುಲ್ ಹೌಸನ್ನು (ಮೂರು ಒಂದೇ ಎಲೆ, ಜೊತೆಗೆ ಒಂದು ಜೋಡಿ) ಸೋಲಿಸುತ್ತದೆ. ಒಮಾಹದಲ್ಲಿ ಕೈಯಲ್ಲಿ ನಾಲ್ಕು ಎಲೆ, ಅದರಲ್ಲಿ ಸರಿಯಾಗಿ ಎರಡನ್ನೇ ಬಳಸಬೇಕು. ಹೋಲ್ಡೆಮ್ ಅಂಕಿ ಅಲ್ಲಿ ಸಿಗುವುದೇ ಇಲ್ಲ.

ಲಕ್ಷಣ: ಲೆಕ್ಕ ಶುರುವೇ ಆಗುವುದಿಲ್ಲ, ಇಲ್ಲವೇ ಕೆಂಪು ಅಕ್ಷರ ಬರುತ್ತದೆ

ಹತ್ತನ್ನು 10 ಅಂತ ಟೈಪ್ ಮಾಡಿದ್ದೀರಾ? ತುಂಬಾ ತಂತ್ರಾಂಶಗಳಿಗೆ ಅದು ಟಿ ಅಕ್ಷರ. ಇದು ಮೊದಲ ಅನುಮಾನ.

ಎರಡನೆಯದು ಕಾಪಿ ಪೇಸ್ಟ್. ಗೆಳೆಯರು ವಾಟ್ಸಾಪ್‌ನಲ್ಲಿ ಕಳಿಸಿದ ರೇಂಜ್ ಹಾಗೇ ಅಂಟಿಸಿದರೆ, ಫೋನು ಚಿಕ್ಕ ಗೆರೆಯನ್ನು ಉದ್ದ ಗೆರೆ ಮಾಡಿರುತ್ತದೆ. ಕಣ್ಣಿಗೆ ಎರಡೂ ಒಂದೇ, ತಂತ್ರಾಂಶಕ್ಕೆ ಬೇರೆ. ಗೆರೆಯನ್ನು ಅಳಿಸಿ ಕೀಬೋರ್ಡ್‌ನಿಂದಲೇ ಮತ್ತೆ ಹಾಕಿ.

ಮೂರನೆಯದು ಎಸ್ ಅಕ್ಷರ. ಅದಕ್ಕೆ ಎರಡು ಕೆಲಸ. ಎಲೆಯ ಪಕ್ಕ ಬಂದರೆ ಇಸ್ಪೀಟು, ಎರಡು ಎಲೆಗಳ ಕೊನೆಗೆ ಬಂದರೆ ಸೂಟೆಡ್, ಅಂದರೆ ಒಂದೇ ಬಣ್ಣ. ಎ-ಕೆ-ಎಸ್ ಅಂತ ಬರೆದರೆ ನಾಲ್ಕು ಕಾಂಬೊ. ಎ-ಎಸ್-ಕೆ-ಎಸ್ ಅಂತ ಬರೆದರೆ ಇಸ್ಪೀಟಿನ ಎಕ್ಕ ಮತ್ತು ರಾಜ, ಒಂದೇ ಕಾಂಬೊ. ಇಲ್ಲಿ ಕೆಂಪು ಅಕ್ಷರ ಬಂದರೆ ಅದೃಷ್ಟ. ಎಷ್ಟೋ ಸಲ ಏನೂ ಹೇಳದೆ ಬೇರೆಯದೇ ಉತ್ತರ ಬಂದುಬಿಡುತ್ತದೆ.

ಇವೆಲ್ಲ ಸರಿ ಇದ್ದೂ ಉತ್ತರ ಬರುತ್ತಿಲ್ಲ ಅಂದರೆ ಎಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದಿವೆ. ಬೋರ್ಡ್ ಮೇಲಿರುವ ಎಲೆಯನ್ನೇ ಕೈಗೂ ಕೊಟ್ಟಿರಬಹುದು. ಅಥವಾ ಮೂವರಿಗೂ ಎಕ್ಕದ ಜೋಡಿ ಮಾತ್ರ ಅಂತ ರೇಂಜ್ ಕೊಟ್ಟಿರಬಹುದು. ಡೆಕ್‌ನಲ್ಲಿ ಎಕ್ಕ ಇರುವುದೇ ನಾಲ್ಕು, ಅಲ್ವಾ? ಮೂರನೆಯವನಿಗೆ ಹಂಚಲು ಎಲೆಯೇ ಇಲ್ಲ. ಕೆಲವು ಆ್ಯಪ್‌ಗಳು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ಸುತ್ತುತ್ತಾ ಕೂರುತ್ತವೆ.

ಲಕ್ಷಣ: ಉತ್ತರ ಬರುತ್ತದೆ, ಆದರೆ ನಂಬಲು ಆಗುತ್ತಿಲ್ಲ

ಇದಕ್ಕೆ ಕೈಯಲ್ಲೇ ಲೆಕ್ಕ ಹಾಕಿ ನೋಡಬಹುದಾದ ಒಂದು ಉದಾಹರಣೆ ಇಟ್ಟುಕೊಳ್ಳಿ. ಟರ್ನ್‌ವರೆಗೆ ಬಂದ ಆಟ ಇದಕ್ಕೆ ಒಳ್ಳೆಯದು, ಬರಬೇಕಾದ್ದು ಒಂದೇ ಎಲೆ.

ನಿಮ್ಮ ಕೈ: ಕ್ಯೂ♥ ಜೆ♥ (ಆಟೀನಿನ ರಾಣಿ ಮತ್ತು ಗುಲಾಮ)
ಬೋರ್ಡ್: ಎ♥ 8♥ 3♠ 2♦
ಎದುರಾಳಿಯ ರೇಂಜ್: ಎಕೆ (ಎಲ್ಲ ಬಣ್ಣ) ಮತ್ತು 88 (ಎಂಟರ ಜೋಡಿ)

ಆಟೀನು ಬಂದರೆ ಫ್ಲಶ್, ಇಲ್ಲದಿದ್ದರೆ ಸೋಲು. ಹದಿಮೂರು ಆಟೀನಿನಲ್ಲಿ ನಾಲ್ಕು ಕಾಣುತ್ತಿವೆ, ಉಳಿದದ್ದು 9. ಎದುರಾಳಿಯ ಎರಡು ಎಲೆಯನ್ನೂ ಕಳೆದರೆ ಡೆಕ್‌ನಲ್ಲಿ ಉಳಿದ ಎಲೆ 44.

ಈಗ ಅವನ ಕಾಂಬೊ ಎಣಿಸಿ. ಎಕೆ ಸಾಮಾನ್ಯವಾಗಿ 16. ಬೋರ್ಡ್ ಮೇಲೆ ಒಂದು ಎಕ್ಕ ಕೂತಿದೆ, ಹಾಗಾಗಿ 3 ಎಕ್ಕ ಗುಣಿಸು 4 ರಾಜ, 12. ಇವುಗಳಲ್ಲಿ 3 ಕಾಂಬೊಗಳಲ್ಲಿ ಕೆ♥ ಅವನ ಕೈಯಲ್ಲೇ ಇದೆ. ಆಗ ನಿಮಗೆ ಸಿಗುವ ಆಟೀನು 8. ಉಳಿದ 9 ಕಾಂಬೊಗಳಲ್ಲಿ 9. ಇನ್ನು 88. ಜೋಡಿಗೆ ಸಾಮಾನ್ಯವಾಗಿ 6 ಕಾಂಬೊ, ಒಂದು ಎಂಟು ಬೋರ್ಡ್ ಮೇಲಿರುವುದರಿಂದ 3. ಅದರ ಎದುರು 3♥ ಅಥವಾ 2♥ ಬಂದರೆ ನಿಮಗೆ ಫ್ಲಶ್ ಆದರೂ ಅವನಿಗೆ ಫುಲ್ ಹೌಸ್. ಹಾಗಾಗಿ ಕೆಲಸಕ್ಕೆ ಬರುವ ಆಟೀನು 7.

ಕೂಡಿಸಿ: 9×9, 3×8, 3×7. ಒಟ್ಟು 126. ಭಾಗಿಸಬೇಕಾದ್ದು 15 ಕಾಂಬೊ ಗುಣಿಸು 44, ಅಂದರೆ 660. ಉತ್ತರ 19.09.

ಇದನ್ನು ಹಾಗೇ ತಂತ್ರಾಂಶಕ್ಕೆ ಕೊಡಿ. ಬೇರೆ ಅಂಕಿ ಬಂದರೆ ಆ ಅಂಕಿಯೇ ತಪ್ಪು ಎಲ್ಲಿದೆ ಅಂತ ತೋರಿಸುತ್ತದೆ.

0 ಬಂತೇ? ಬೋರ್ಡ್‌ನ ಎಕ್ಕ ಅಥವಾ ಎಂಟಿನ ಬಣ್ಣ ತಪ್ಪಿದೆ. ಮೊಬೈಲ್‌ನಲ್ಲಿ ಚಿಕ್ಕ ಚಿತ್ರ ಒತ್ತುವಾಗ ಇದು ಮಾಮೂಲು.

4.77 ಬಂತೇ? ನಿಮ್ಮ ಕೈಯನ್ನು ಕ್ಯೂ♥ ಜೆ♥ ಅಂತ ಕೊಡುವ ಬದಲು ಕ್ಯೂಜೆ ಸೂಟೆಡ್ ಅಂತ ಕೊಟ್ಟಿದ್ದೀರಿ. ನಾಲ್ಕು ಬಣ್ಣದಲ್ಲಿ ಆಟೀನಿಗೆ ಮಾತ್ರ ಜೀವ ಇದೆ, ಉಳಿದ ಮೂರಕ್ಕೆ ಸೊನ್ನೆ. 19.09ರ ನಾಲ್ಕನೇ ಒಂದು ಪಾಲು.

18.75 ಬಂತೇ? ಎಕೆ ಆಫ್‌ಸೂಟ್ (ಬೇರೆ ಬೇರೆ ಬಣ್ಣದ್ದು) ಮಾತ್ರ ಆಯ್ದಿದ್ದೀರಿ. ಸೂಟೆಡ್ ಚೌಕ ಒತ್ತಿಲ್ಲ. ಕೈಗಳನ್ನು ಆಯುವ ಚೌಕಗಳ ಗ್ರಿಡ್‌ನಲ್ಲಿ ಕರ್ಣದ ಮೇಲ್ಭಾಗ ಸಾಮಾನ್ಯವಾಗಿ ಸೂಟೆಡ್, ಕೆಳಭಾಗ ಆಫ್‌ಸೂಟ್.

17.44 ಬಂತೇ? ಡೆಡ್ ಕಾರ್ಡ್ (ಡೆಕ್‌ನಿಂದ ಹೊರಗಿಟ್ಟ ಎಲೆ) ಪೆಟ್ಟಿಗೆಯಲ್ಲಿ ಕೆ♥ ಉಳಿದುಕೊಂಡಿದೆ. ಬೇರೆ ಎಲೆ ಉಳಿದಿದ್ದರೆ ಬೇರೆ ಅಂಕಿ ಬರುತ್ತದೆ, ಕಾರಣ ಒಂದೇ. ಹಿಂದಿನ ಲೆಕ್ಕಕ್ಕೆ ಹಾಕಿದ್ದನ್ನು ಯಾರೂ ತೆಗೆಯುವುದಿಲ್ಲ. ಆ ಪೆಟ್ಟಿಗೆ ಪರದೆಯ ಮೂಲೆಯಲ್ಲಿರುತ್ತದೆ, ಕಣ್ಣಿಗೇ ಬೀಳುವುದಿಲ್ಲ.

30 ದಾಟಿತೇ? ಟರ್ನ್ ಎಲೆ ಹಾಕಿಲ್ಲ. ಫ್ಲಾಪ್‌ನಿಂದ ಎರಡು ಎಲೆ ಬರುವ ಲೆಕ್ಕ ಅದು.

17.9 ಬಂದರೆ ಅದು ತಂತ್ರಾಂಶದ್ದಲ್ಲ, ನಿಮ್ಮ ಎಕ್ಸೆಲ್ ಹಾಳೆಯದ್ದು. ಎಕೆ ಎದುರು 19.89, 88 ಎದುರು 15.91, ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದ್ದೀರಿ. ಎಕೆ 12 ಸಲ ಬರುತ್ತದೆ, 88 ಮೂರೇ ಸಲ. ಇಬ್ಬರಿಗೂ ಸಮಪಾಲು ಹೇಗೆ ಕೊಡುತ್ತೀರಿ? ಕೈಯಲ್ಲಿ ರೇಂಜ್ ಲೆಕ್ಕ ಹಾಕುವವರು ಅತಿ ಜಾಸ್ತಿ ಎಡವುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಇನ್ನು 19.55 ಬಂದರೆ ಕೆ♥ ಅವನ ಕೈಯಲ್ಲೂ ಇರಬಹುದು ಅನ್ನುವುದನ್ನು ಮರೆತಿದ್ದೀರಿ.

ಲಕ್ಷಣ: ಇಬ್ಬರ ತಂತ್ರಾಂಶದಲ್ಲಿ ಒಂದೆರಡು ಅಂಕಿ ಹೆಚ್ಚುಕಡಿಮೆ

ಇಬ್ಬರೂ "ಅತ್ಯುತ್ತಮ 15 ಶೇಕಡಾ ಕೈಗಳು" ಅಂತ ಸ್ಲೈಡರ್ ಎಳೆದಿದ್ದರೆ ಇಲ್ಲಿಗೇ ನಿಲ್ಲಿ. ಒಟ್ಟು ಕಾಂಬೊ 1326, ಅದರ 15 ಶೇಕಡಾ ಸುಮಾರು 199. ಆದರೆ ಆ 199 ಯಾವುವು? ಒಂದು ತಂತ್ರಾಂಶ ದುರ್ಬಲ ಕಿಕ್ಕರ್ (ಜೊತೆಗಿರುವ ಇನ್ನೊಂದು ಎಲೆ) ಇರುವ ಎಕ್ಕಗಳನ್ನು ಮುಂದೆ ಇಡುತ್ತದೆ, ಇನ್ನೊಂದು ಅಕ್ಕಪಕ್ಕದ ಸೂಟೆಡ್ ಎಲೆಗಳನ್ನು. ಶೇಕಡಾ ಒಂದೇ, ರೇಂಜ್ ಬೇರೆ. ಸ್ಲೈಡರ್ ಬಿಟ್ಟು ಚೌಕಗಳನ್ನು ಒಂದೊಂದಾಗಿ ಹೋಲಿಸಿ.

ಆಮೇಲೆ ಪ್ಲಸ್ ಗುರುತು. ಎಟಿ ಸೂಟೆಡ್ ಪ್ಲಸ್ ಅಂದರೆ ಎಟಿ, ಎಜೆ, ಎಕ್ಯೂ, ಎಕೆ. ಇದರಲ್ಲಿ ಜಗಳ ಇಲ್ಲ. 76 ಸೂಟೆಡ್ ಪ್ಲಸ್ ಅಂದರೆ? ದೊಡ್ಡ ಎಲೆ ಏಳರಲ್ಲೇ ನಿಲ್ಲಬೇಕು ಅಂತ ಓದಿದರೆ 76 ಒಂದೇ. ಎರಡೂ ಎಲೆ ಒಟ್ಟಿಗೆ ಮೇಲೇರುತ್ತವೆ ಅಂತ ಓದಿದರೆ 87, 98 ಮತ್ತು ಅದರ ಮೇಲಿನವೂ ಸೇರುತ್ತವೆ. ಪ್ಲಸ್ ಹಾಕಿದ ಮೇಲೆ ಗ್ರಿಡ್‌ನಲ್ಲಿ ಏನು ಬಣ್ಣ ಬಂತು ಅಂತ ನೋಡಿ. ಗ್ರಿಡ್ ಹೇಳಿದ್ದೇ ಸತ್ಯ.

ಮೂರನೆಯದು ತೂಕ. ಕೆಲವು ತಂತ್ರಾಂಶಗಳಲ್ಲಿ ಒಂದು ಕೈಯನ್ನು ಅರ್ಧ ಸಲ ಮಾತ್ರ ಲೆಕ್ಕಕ್ಕೆ ತಗೋ ಅಂತ ಹೇಳಬಹುದು. ಮೇಲಿನ ಉದಾಹರಣೆಯಲ್ಲಿ ಎಕೆಗೆ 50 ಶೇಕಡಾ ತೂಕ ಕೊಟ್ಟರೆ 19.09 ಹೋಗಿ 18.56 ಆಗುತ್ತದೆ. ರೇಂಜನ್ನು ಪಠ್ಯವಾಗಿ ಕಾಪಿ ಮಾಡಿ ಬೇರೆ ಕಡೆ ಅಂಟಿಸಿದಾಗ ಈ ತೂಕ ಬಿದ್ದುಹೋಗಿರಬಹುದು. ಚೌಕದ ಬಣ್ಣ ಪೂರ್ತಿ ತುಂಬಿದೆಯೋ ಅರೆಬರೆ ಇದೆಯೋ ಗಮನಿಸಿ.

ಲಕ್ಷಣ: ಒತ್ತಿದಾಗೆಲ್ಲ ಬೇರೆ ಅಂಕಿ

ಇದು ದೋಷ ಅಲ್ಲ. ಮಾಂಟೆ ಕಾರ್ಲೊ ವಿಧಾನ ನಡೆಯುತ್ತಿದೆ, ಅಂದರೆ ಸಾವಿರಾರು ಸಲ ಎಲೆ ಹಂಚಿ ಸರಾಸರಿ ತೆಗೆಯುತ್ತಿದೆ. 10,000 ಸಲ ಹಂಚಿದರೆ 50ರ ಆಸುಪಾಸಿನ ಉತ್ತರ ಒಂದು ಅಂಕಿಯಷ್ಟು ಆಚೀಚೆ ಆಗುವುದು ಸಹಜ. 10 ಲಕ್ಷ ಸಲ ಹಂಚಿದರೆ ಆ ಓಲಾಟ 0.1ಕ್ಕೆ ಇಳಿಯುತ್ತದೆ. ಹತ್ತು ಪಟ್ಟು ನಿಖರತೆಗೆ ನೂರು ಪಟ್ಟು ಕೆಲಸ.

ಟರ್ನ್‌ನಲ್ಲೂ ಅಂಕಿ ಕುಣಿಯುತ್ತಿದ್ದರೆ ಮಾತ್ರ ಸೆಟ್ಟಿಂಗ್ ಬದಲಿಸಿ. ಎರಡು ಕೈ ಗೊತ್ತಿದ್ದಾಗ ಅಲ್ಲಿ ನೋಡಬೇಕಾದ್ದು 44 ಎಲೆ, ಫ್ಲಾಪ್‌ನಲ್ಲಿ 990 ಜೋಡಿ. ಎಲ್ಲವನ್ನೂ ಎಣಿಸುವ ಆಯ್ಕೆ ಇಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಲಕ್ಷಣ: ಫ್ಯಾನ್ ಜೋರಾಗಿ ತಿರುಗುತ್ತದೆ, ಉತ್ತರ ಇಲ್ಲ

ಮೇಲಿನದರ ತಿರುವುಮುರುವು. ಫ್ಲಾಪ್‌ಗೆ ಮೊದಲು ಎರಡು ನಿರ್ದಿಷ್ಟ ಕೈಗಳ ನಡುವೆಯೇ 17,12,304 ಬೋರ್ಡ್ ಇವೆ. ಇಬ್ಬರಿಗೂ ಯಾವ ಕೈಯಾದರೂ ಸರಿ ಅಂತ ಕೊಟ್ಟು ಎಲ್ಲವನ್ನೂ ಎಣಿಸು ಅಂದರೆ ಸುಮಾರು 2.78 ಲಕ್ಷ ಕೋಟಿ ಸನ್ನಿವೇಶ. ಲೆಕ್ಕ ನಿಲ್ಲಿಸಿ, ಮಾಂಟೆ ಕಾರ್ಲೊಗೆ ಬನ್ನಿ. ಲ್ಯಾಪ್‌ಟಾಪ್ ತೊಡೆ ಮೇಲೆ, ಹಾಸಿಗೆ ಮೇಲೆ ಇದ್ದರೆ ಮೊದಲು ಮೇಜಿಗೆ ಇಡಿ.

ಲಕ್ಷಣ: ಗೆಲುವು 2, ಆದರೆ ಈಕ್ವಿಟಿ 50 ಅನ್ನುತ್ತಿದೆ

ಎರಡು ಬೇರೆ ಅಂಕಣ ಓದುತ್ತಿದ್ದೀರಿ. ಇಬ್ಬರ ಕೈಯಲ್ಲೂ ಬೇರೆ ಬೇರೆ ಬಣ್ಣದ ಎಕೆ ಇದ್ದರೆ 100ಕ್ಕೆ 95ಕ್ಕೂ ಹೆಚ್ಚು ಸಲ ಪಾಟ್ ಹಂಚಿಹೋಗುತ್ತದೆ. ಈಕ್ವಿಟಿ ಅಂದರೆ ಗೆಲುವಿಗೆ ಟೈನ ಅರ್ಧ ಸೇರಿಸಿದ್ದು. ಕಾಲ್ ಮಾಡಬೇಕಾ (ಎದುರಾಳಿಯ ಬೆಟ್‌ಗೆ ಸಮನಾಗಿ ಹಣ ಹಾಕಬೇಕಾ) ಬೇಡವಾ ಅನ್ನುವ ಲೆಕ್ಕಕ್ಕೆ ಈಕ್ವಿಟಿಯನ್ನೇ ತಗೊಳ್ಳಿ, ಗೆಲುವಿನ ಅಂಕಣವನ್ನಲ್ಲ.

ಲಕ್ಷಣ: ಮೂರನೆಯವನನ್ನು ಸೇರಿಸಿದರೆ ಅಂಕಿ ಪಾತಾಳಕ್ಕೆ

ಇಳಿಯಲೇಬೇಕು. ಎಕ್ಕದ ಜೋಡಿಗೆ ಒಬ್ಬನ ಎದುರು 85, ಇಬ್ಬರ ಎದುರು 73ರ ಆಸುಪಾಸು, ಮೂವರ ಎದುರು 64. ಎಲ್ಲರ ಈಕ್ವಿಟಿ ಕೂಡಿಸಿದರೆ 100 ಬರುತ್ತದಾ ನೋಡಿ. ಬರದಿದ್ದರೆ ಯಾವುದೋ ಒಂದು ಸಾಲು ಆಫ್ ಆಗಿದೆ, ಅಥವಾ ಆ ಆ್ಯಪ್ ಒಬ್ಬೊಬ್ಬರ ಎದುರು ಬೇರೆಬೇರೆಯಾಗಿ ಲೆಕ್ಕ ಹಾಕುತ್ತಿದೆ. ಎರಡನೆಯದಾದರೆ ಮೂವರ ಆಟಕ್ಕೆ ಅದನ್ನು ಬಳಸಬೇಡಿ.

ಲಕ್ಷಣ: ನೀವೇ ಬರೆದ ಪೈಥಾನ್ ಕೋಡ್ ಯಾಕೋ ಸ್ವಲ್ಪ ವಾಲುತ್ತಿದೆ

ರೇಂಜ್ ಕಡೆ ಹೋಗಬೇಡಿ, ಮೊದಲು ಐದು ಎಲೆಯ ಕೈ ಗುರುತಿಸುವ ಭಾಗವನ್ನು ಪರೀಕ್ಷಿಸಿ. 52ರಲ್ಲಿ ಐದು ಎಲೆಯ ಒಟ್ಟು ಕೈ 25,98,960. ಎಲ್ಲವನ್ನೂ ಓಡಿಸಿ ಎಣಿಸಿ. ಸ್ಟ್ರೇಟ್ ಫ್ಲಶ್ (ಒಂದೇ ಬಣ್ಣದ, ಸಾಲಾಗಿ ಬರುವ ಐದು ಎಲೆ) 40 (ರಾಯಲ್ ಸೇರಿ), ನಾಲ್ಕು ಒಂದೇ ಎಲೆ 624, ಫುಲ್ ಹೌಸ್ 3,744, ಫ್ಲಶ್ 5,108, ಸ್ಟ್ರೇಟ್ 10,200, ಮೂರು ಒಂದೇ ಎಲೆ 54,912, ಎರಡು ಜೋಡಿ 1,23,552, ಒಂದು ಜೋಡಿ 10,98,240. ಉಳಿದ 13,02,540 ಏನೂ ಇಲ್ಲದ ಕೈ.

ಸ್ಟ್ರೇಟ್ 9,180 ಅಂತ ಬಂದರೆ ಎಕ್ಕವನ್ನು ಕೆಳಗಿನ ಎಲೆಯಾಗಿ ಎಣಿಸಿಲ್ಲ. ಎ-2-3-4-5 ಬಿಟ್ಟುಹೋಗಿದೆ, ಸ್ಟ್ರೇಟ್ ಫ್ಲಶ್ಶೂ 36ಕ್ಕೆ ನಿಂತಿರುತ್ತದೆ. ಇದು ಎಲ್ಲರೂ ಮಾಡುವ ತಪ್ಪು. ಎಣಿಕೆ ಎಲ್ಲ ಸರಿ ಬಂದೂ ಈಕ್ವಿಟಿ ವಾಲಿದರೆ ಕಿಕ್ಕರ್ ಹೋಲಿಕೆ ನೋಡಿ, ಏಳು ಎಲೆಯಲ್ಲಿ ಉತ್ತಮ ಐದನ್ನು ಆರಿಸುವ ಭಾಗ ನೋಡಿ. 21 ಐದೆಲೆ ಗುಂಪುಗಳೂ ಪರೀಕ್ಷೆಗೆ ಬರಬೇಕು. ಅದೂ ಸರಿ ಇದ್ದರೆ ಎದುರಾಳಿಗೆ ಹಂಚುವಾಗ ಬೋರ್ಡ್ ಎಲೆಗಳನ್ನು ಡೆಕ್‌ನಿಂದ ತೆಗೆದಿದ್ದೀರಾ ಅಂತ ನೋಡಿ. ಕ್ಯೂ♥ ಜೆ♥ ಉದಾಹರಣೆ ಅದಕ್ಕೆ ಸಾಕು.

ಲಕ್ಷಣ: ಲೆಕ್ಕ ಎಲ್ಲ ಸರಿ, ಆದರೆ ಆಟದಲ್ಲಿ ಸೋಲೇ ಜಾಸ್ತಿ

ಇಲ್ಲಿ ತಂತ್ರಾಂಶ ರಿಪೇರಿ ಮಾಡುವಂಥದ್ದು ಏನೂ ಇಲ್ಲ. 82ರ ಕೈ ಸತತ ಎರಡು ಸಲ ಸೋಲುವುದು 100ಕ್ಕೆ ಮೂರು ಸಲ ಆಗಿಯೇ ಆಗುತ್ತದೆ. ಸಂಜೆಯೊಂದರ ಆಟದಿಂದ ಕ್ಯಾಲ್ಕುಲೇಟರನ್ನು ಅಳೆಯಲು ಆಗದು.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಈಕ್ವಿಟಿ ಅಂಕಿಗೆ ಮುಂದಿನ ಬೆಟ್‌ಗಳ ಅರಿವಿಲ್ಲ. ಪಾಟ್ 100 ಇದ್ದು ಎದುರಾಳಿ 50 ಕಟ್ಟಿ ಆಲ್ ಇನ್ ಆದರೆ (ತನ್ನ ಬಳಿ ಇದ್ದುದೆಲ್ಲ ಹಾಕಿದರೆ), ನೀವು 50 ಹಾಕಿ 200ರ ಪಾಟ್‌ಗೆ ಆಡುತ್ತೀರಿ. ಬೇಕಾದ ಈಕ್ವಿಟಿ 25. ಮೇಲಿನ ಕೈಗೆ ಇರುವುದು 19.09, ಕೈ ಬಿಡಬೇಕು. ಇದು ನೇರ ಲೆಕ್ಕ. ಅದೇ ಫ್ಲಾಪ್‌ನಲ್ಲಿ ಇನ್ನೂ ಹಣ ಹಿಂದೆ ಉಳಿದಿದ್ದರೆ, 30 ಇರುವ ಕೈ ರಿವರ್ ನೋಡುವ ಮೊದಲೇ ಮಡಚಬೇಕಾಗಿ ಬರಬಹುದು. ಆಗ ಆ 30 ಪೂರ್ತಿ ಕೈಗೆ ಸಿಗುವುದಿಲ್ಲ. ಜೊತೆಗೆ ಎದುರಾಳಿಯ ರೇಂಜ್ ನಿಮ್ಮ ಊಹೆ. ಊಹೆ ಸಡಿಲ ಆಗಿದ್ದರೆ ಎರಡು ದಶಮಾಂಶದ ನಿಖರತೆ ಕಟ್ಟಿಕೊಂಡು ಏನು ಮಾಡುತ್ತೀರಿ? ರೇಂಜನ್ನು ಒಮ್ಮೆ ಬಿಗಿ ಮಾಡಿ, ಒಮ್ಮೆ ಸಡಿಲ ಮಾಡಿ ನೋಡಿ. ಎರಡರಲ್ಲೂ ನಿರ್ಧಾರ ಒಂದೇ ಬಂದರೆ ಸಾಕು.

ಎಚ್ಚರಿಕೆ ಎರಡು. ಆಟ ನಡೆಯುತ್ತಿರುವಾಗಲೇ ಕ್ಯಾಲ್ಕುಲೇಟರ್ ಸಹಾಯ ಪಡೆಯುವುದನ್ನು ಹಲವು ಆನ್‌ಲೈನ್ ಪೋಕರ್ ತಾಣಗಳು ಮೋಸ ಅಂತಲೇ ಪರಿಗಣಿಸುತ್ತವೆ, ಖಾತೆ ಮುಚ್ಚುತ್ತವೆ. ಇದು ಆಟದ ನಂತರ ಕೂತು ಕಲಿಯುವ ಸಾಧನ. ಇನ್ನು ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ, ಕೌಶಲದ ಆಟವೋ ಅದೃಷ್ಟದ ಆಟವೋ ಅನ್ನುವ ಭೇದ ಅಲ್ಲಿಲ್ಲ. ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಲ್ಲಿನ ಕಾನೂನು ನೋಡಿಕೊಳ್ಳಿ.

ಕಳೆದ ದುಡ್ಡು ವಾಪಸ್ ತರಬೇಕು ಅಂತ ರಾತ್ರಿಯೆಲ್ಲ ಅಂಕಿ ಒತ್ತುತ್ತಿದ್ದರೆ, ಮನೆಯವರಿಂದ ಮುಚ್ಚಿಟ್ಟು ಸಾಲ ಮಾಡುತ್ತಿದ್ದರೆ, ಅಲ್ಲಿಗೆ ನಿಲ್ಲಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಟರ್ನೆಟ್ ಮತ್ತು ಗೇಮಿಂಗ್ ಗೀಳಿಗೆಂದೇ ಶಟ್ ಕ್ಲಿನಿಕ್ ಇದೆ.

ಲಕ್ಷಣ: ಆ್ಯಂಟಿವೈರಸ್ ಬೊಬ್ಬೆ ಹಾಕುತ್ತಿದೆ

ಸುಮ್ನೆ "ಅನುಮತಿಸು" ಒತ್ತಬೇಡಿ. 2015ರಲ್ಲಿ ಈಸೆಟ್ ಅನ್ನುವ ಭದ್ರತಾ ಸಂಸ್ಥೆ ಒಡ್ಲಾನರ್ ಎಂಬ ಕಳ್ಳ ತಂತ್ರಾಂಶವನ್ನು ಬಯಲು ಮಾಡಿತು. ಪೋಕರ್ ಕ್ಯಾಲ್ಕುಲೇಟರ್‌ನಂಥ ಸಾಧನಗಳ ವೇಷದಲ್ಲೂ ಅದು ಒಳಗೆ ಬರುತ್ತಿತ್ತು. ಆಟದ ಪರದೆಯ ಚಿತ್ರ ತೆಗೆದು ದಾಳಿಕೋರನಿಗೆ ಕಳಿಸುತ್ತಿತ್ತು. ಅವನು ಅದೇ ಮೇಜಿಗೆ ಬಂದು ಕೂರಬಹುದಿತ್ತು, ನಿಮ್ಮ ಎಲೆ ನೋಡಿಕೊಂಡೇ.

ತಯಾರಕರ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಕ್ರ್ಯಾಕ್ ಮಾಡಿದ ಪ್ರತಿ ಬೇಡ. ಪೋಕರ್‌ಸ್ಟೋವ್‌ನ ಮೂಲ ಕೋಡ್ ಗಿಟ್‌ಹಬ್‌ನಲ್ಲಿ ಬಿಟ್ಟಿ ಸಿಗುತ್ತದೆ, ಕಂಪೈಲ್ ಮಾಡಲು ಬಂದರೆ ಅದೇ ಸಾಕು. ಅನುಮಾನದ ಪ್ರತಿಯನ್ನು ಈಗಾಗಲೇ ಓಡಿಸಿದ್ದರೆ ನೆಟ್ ಕಿತ್ತುಹಾಕಿ, ಪೂರ್ತಿ ಸ್ಕ್ಯಾನ್ ಮಾಡಿಸಿ, ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೊಂದು ಸಾಧನದಿಂದ ಬದಲಿಸಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಹೇಳಿ.

ಎಲ್ಲ ನೋಡಿಯೂ 19.09 ಬರುತ್ತಿಲ್ಲ

ಈಗ ತಂತ್ರಾಂಶವನ್ನೇ ಅನುಮಾನಿಸಬಹುದು. ಇನ್ನೊಂದು ಕ್ಯಾಲ್ಕುಲೇಟರ್‌ನಲ್ಲಿ ಅದೇ ಕೈ, ಅದೇ ಬೋರ್ಡ್, ಅದೇ ರೇಂಜ್ ಕೊಡಿ. ಅಲ್ಲಿ ಸರಿ ಬಂದರೆ ಹಳೆಯದರ ಸೆಟ್ಟಿಂಗ್ ಎಲ್ಲ ಮೂಲಸ್ಥಿತಿಗೆ ತನ್ನಿ, ಹೊಸ ಆವೃತ್ತಿ ಹಾಕಿ. ಆಮೇಲೂ ಹಾಗೇ ಇದ್ದರೆ ತಯಾರಕರಿಗೆ ಬರೆಯಿರಿ. ಪರದೆಯ ಚಿತ್ರ ಒಂದೇ ಸಾಲದು. ಆವೃತ್ತಿ ಸಂಖ್ಯೆ, ಆಟದ ಬಗೆ, ಮಾಂಟೆ ಕಾರ್ಲೊ ಆಗಿದ್ದರೆ ಎಷ್ಟು ಸಲ ಹಂಚಿತು, ಡೆಡ್ ಕಾರ್ಡ್ ಪೆಟ್ಟಿಗೆ ಖಾಲಿ ಇತ್ತಾ, ರೇಂಜ್‌ಗಳ ಪಠ್ಯರೂಪ, ಬಂದ ಅಂಕಿ, ಬರಬೇಕಾದ ಅಂಕಿ ಮತ್ತು ಅದರ 126 ಭಾಗಿಸು 660 ಲೆಕ್ಕ, ಎಲ್ಲ ಸೇರಿಸಿ. "ನಿಮ್ಮ ಆ್ಯಪ್ ಸರಿ ಇಲ್ಲ" ಅಂತಷ್ಟೇ ಬರೆದರೆ ಯಾರೂ ಉತ್ತರ ಬರೆಯುವುದಿಲ್ಲ.